ಇಂಗ್ಲಿಷ್ ಹಳ್ಳಿಯ ಪತ್ತೇದಾರಿ ಕಾದಂಬರಿಯನ್ನು ಓದುವುದು ಹೇಗೆ

ಅಗಾಥಾ ಕ್ರಿಸ್ಟಿಯ ಹಳ್ಳಿ ಕಾದಂಬರಿಯೊಂದನ್ನು ಮೊದಲ ಸಲ ಓದಿದಾಗ, ಅದರಲ್ಲಿ ಪದೇ ಪದೇ ಬರುವ ‘ಫ್ರೆಂಚ್ ವಿಂಡೋ’ ಎಂಬುದನ್ನು ನಾನು ನಮ್ಮ ಮನೆಗಳ ಸರಳಿನ ಕಿಟಕಿಯಂತೆಯೇ ಕಲ್ಪಿಸಿಕೊಂಡಿದ್ದೆ. ಪಾದ್ರಿಯ ಓದುವ ಕೋಣೆಗೆ ಜನ ಕಿಟಕಿಯಿಂದ ಬರುತ್ತಾರೆ, ಕಿಟಕಿಯಿಂದಲೇ ಹೊರಟುಹೋಗುತ್ತಾರೆ, ಅದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಇಷ್ಟು ಮರ್ಯಾದಸ್ಥರು ಕಿಟಕಿ ಹತ್ತಿ ಇಳಿಯುವುದೇಕೆ ಎಂದು ಅರ್ಧ ಪುಸ್ತಕದವರೆಗೂ ತಲೆ ಕೆಡಿಸಿಕೊಂಡಿದ್ದ ನನಗೆ, ಎಷ್ಟೋ ದಿನಗಳ ಮೇಲೆ ಒಂದು ಛಾಯಾಚಿತ್ರ ನೋಡಿದಾಗ ವಿಷಯ ತಿಳಿಯಿತು. ಅದು ನೆಲದವರೆಗೂ ಇಳಿಯುವ, ಎರಡು ಕದಗಳ ಗಾಜಿನ ಬಾಗಿಲು. ತೋಟದ ಕಡೆಗೆ ತೆರೆದುಕೊಳ್ಳುತ್ತದೆ. ಬೇಸಿಗೆಯ ಹಗಲಿನಲ್ಲಿ ಅದಕ್ಕೆ ಚಿಲಕ ಹಾಕುವವರು ಕಡಿಮೆ. ಅಂದರೆ ಮುಂಬಾಗಿಲು ತೆರೆಯುವ ಕೆಲಸದ ಹುಡುಗಿಯ ಕಣ್ಣಿಗೆ ಬೀಳದೆ ಯಾರು ಬೇಕಾದರೂ ಒಳಗೆ ಬಂದಿರಬಹುದಿತ್ತು. ಆ ಒಂದು ಬಾಗಿಲಿನ ಆಕಾರ ಗೊತ್ತಿಲ್ಲದ್ದರಿಂದ ನಾನು ಹಾಕಿಕೊಂಡಿದ್ದ ಶಂಕಿತರ ಪಟ್ಟಿ ಪೂರ್ತಿ ತಪ್ಪಾಗಿತ್ತು.

ಈ ಬಗೆಯ ಕಾದಂಬರಿಗಳಲ್ಲಿ ಸುಳಿವು ಅಡಗಿರುವುದು ರಕ್ತದ ಕಲೆಗಿಂತ ಹೆಚ್ಚಾಗಿ ಊರಿನ ರೂಢಿಯಲ್ಲಿ. ಯಾರು ಯಾವ ಹೊತ್ತಿಗೆ ಎಲ್ಲಿರಬೇಕು, ಯಾರು ಯಾರನ್ನು ಹೇಗೆ ಕರೆಯಬೇಕು ಎಂಬುದು ಗೊತ್ತಿದ್ದವರಿಗೆ ಮಾತ್ರ ರೂಢಿ ತಪ್ಪಿದ ಕ್ಷಣ ಕಾಣುತ್ತದೆ. ನಮಗೋ ಅಲ್ಲಿಯ ಎಲ್ಲವೂ ಹೊಸದು. ಹಾಗಾಗಿ ನಿಜವಾಗಿ ವಿಚಿತ್ರವಾದದ್ದು ಕಣ್ಣೆದುರಿಗಿದ್ದರೂ ಜಾರಿಹೋಗುತ್ತದೆ. ಇಂಗ್ಲಿಷ್ ಚೆನ್ನಾಗಿ ಬರುವ ಕನ್ನಡ ಓದುಗರೂ ಈ ಪುಸ್ತಕಗಳಲ್ಲಿ ಸೋಲುವುದು ಭಾಷೆಯಿಂದಲ್ಲ, ಈ ಕಾರಣದಿಂದ. ಅದನ್ನು ಸರಿಪಡಿಸಿಕೊಳ್ಳಲು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಯಾವ ಕಾದಂಬರಿಯ ಕೊಲೆಗಾರರನ್ನೂ ಇಲ್ಲಿ ಬಯಲು ಮಾಡಿಲ್ಲ.

ಮೊದಲ ಹಂತ: ಸರಿಯಾದ ಪುಸ್ತಕದಿಂದ ಆರಂಭಿಸುವುದು

ಇಂದು ‘ಕೋಜಿ ಮಿಸ್ಟರಿ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಕಾದಂಬರಿಗಳ ಲಕ್ಷಣ ಸರಳವಾದದ್ದು. ಊರು ಚಿಕ್ಕದು, ಎಲ್ಲರಿಗೂ ಎಲ್ಲರ ಪರಿಚಯವಿದೆ, ಕೊಲೆ ನಡೆಯುತ್ತದೆ ಆದರೆ ಕ್ರೌರ್ಯದ ವರ್ಣನೆ ಇರುವುದಿಲ್ಲ, ಪತ್ತೆ ಮಾಡುವವರು ಸಾಮಾನ್ಯವಾಗಿ ಪೊಲೀಸರಲ್ಲದ ಹವ್ಯಾಸಿಗಳು. ಎನ್. ನರಸಿಂಹಯ್ಯನವರ ಪುರುಷೋತ್ತಮನ ಸಾಹಸಗಳನ್ನು ಓದಿ ಬೆಳೆದವರಿಗೆ ಇವು ಮೊದಮೊದಲು ನಿಧಾನವೆನಿಸಬಹುದು. ಇಲ್ಲಿ ಬೆನ್ನಟ್ಟುವುದಿಲ್ಲ, ವೇಷ ಮರೆಸುವುದು ಅಪರೂಪ. ಚಹಾ ಕುಡಿಯುತ್ತಾ ಮಾತಾಡುವುದೇ ಹೆಚ್ಚು.

ಆರಂಭಕ್ಕೆ ನಾನು ಹೇಳುವುದು 1930ರಲ್ಲಿ ಪ್ರಕಟವಾದ ‘ದಿ ಮರ್ಡರ್ ಅಟ್ ದಿ ವಿಕರೇಜ್’. ಕ್ರಿಸ್ಟಿಯ ವೃದ್ಧ ಹವ್ಯಾಸಿ ಪತ್ತೇದಾರಿಣಿ ಮಿಸ್ ಮಾರ್ಪಲ್ ಕಾಣಿಸಿಕೊಂಡ ಮೊದಲ ಕಾದಂಬರಿ ಇದು. ಆಕೆ ಅದಕ್ಕೂ ಮೊದಲೇ, 1927ರ ಒಂದು ಸಣ್ಣಕಥೆಯಲ್ಲಿ ಬಂದಿದ್ದಳು. ಸೇಂಟ್ ಮೇರಿ ಮೀಡ್ ಎಂಬ ಕಲ್ಪಿತ ಹಳ್ಳಿಯ ಪಾದ್ರಿಯೇ ಕಥೆ ಹೇಳುತ್ತಾನೆ, ಅವನ ಮನೆಯ ಓದುವ ಕೋಣೆಯಲ್ಲೇ ಹೆಣ ಬೀಳುತ್ತದೆ. ಈ ಪುಸ್ತಕವನ್ನು ಆರಿಸಲು ಅದರ ಕಥೆಗಿಂತ ದೊಡ್ಡ ಕಾರಣವೆಂದರೆ ಅದರೊಳಗೇ ಮುದ್ರಿಸಿರುವ ನಕ್ಷೆಗಳು. ಇಷ್ಟು ದೀರ್ಘ ಓದಿಗೆ ಒಗ್ಗದವರು 1932ರ ‘ದಿ ಥರ್ಟೀನ್ ಪ್ರಾಬ್ಲಮ್ಸ್’ ಎಂಬ ಕಥಾಸಂಕಲನವನ್ನು ಹಿಡಿಯಬಹುದು. ಒಂದೊಂದು ಕಥೆಯೂ ಒಂದು ಬಸ್ ಪ್ರಯಾಣದಷ್ಟು ಉದ್ದವಿದೆ. ಡೊರೊತಿ ಸೇಯರ್ಸ್ ಬರೆದ ‘ದಿ ನೈನ್ ಟೇಲರ್ಸ್’ ಇವೆಲ್ಲಕ್ಕಿಂತ ದೊಡ್ಡ ಕಾದಂಬರಿ ಎಂಬುದು ನನ್ನ ಅಭಿಪ್ರಾಯವಾದರೂ ಅದನ್ನು ಮೊದಲಿಗೆ ಓದಬಾರದು. ಅದರ ವಿಷಯ ಮುಂದೆ ಬರುತ್ತದೆ.

ಎರಡನೆಯ ಹಂತ: ನಕ್ಷೆ ಮತ್ತು ಹೊತ್ತಿನ ಲೆಕ್ಕ

ಒಂದು ಹಾಳೆಯನ್ನು ಪುಸ್ತಕದೊಳಗೆ ಇಟ್ಟುಕೊಳ್ಳಿ. ಚರ್ಚ್, ಅದರ ಪಕ್ಕದ ಪಾದ್ರಿಮನೆ, ಊರ ಅಂಚಿನ ದೊಡ್ಡ ಬಂಗಲೆ, ವೈದ್ಯರ ಮನೆ, ಅಂಚೆಕಚೇರಿಯೂ ಆಗಿರುವ ಅಂಗಡಿ, ಪಬ್, ರೈಲು ನಿಲ್ದಾಣಕ್ಕೆ ಹೋಗುವ ರಸ್ತೆ, ಹೊಲಗಳ ನಡುವಿನ ಕಾಲುದಾರಿ, ಇಷ್ಟನ್ನು ಓದುತ್ತ ಹೋದಂತೆ ಗುರುತಿಸಿದರೆ ಸಾಕು. ಕಾಲುದಾರಿಯನ್ನು ಮಾತ್ರ ಮರೆಯಬಾರದು. ಇಂಗ್ಲೆಂಡಿನಲ್ಲಿ ಖಾಸಗಿ ಜಮೀನಿನ ಮೇಲೆ ಹಾದುಹೋಗುವ ಇಂಥ ಹಾದಿಗಳಲ್ಲಿ ನಡೆಯಲು ಸಾರ್ವಜನಿಕರಿಗೆ ಕಾನೂನಿನ ಹಕ್ಕಿದೆ. ಆದ್ದರಿಂದ ಬಂಗಲೆಯ ಹಿತ್ತಿಲ ಬಳಿ ಊರಿನವರೊಬ್ಬರು ಕಾಣಿಸಿದರೆ ಅದೇ ಒಂದು ಅಪರಾಧದ ಗುರುತಾಗುವುದಿಲ್ಲ.

ನಕ್ಷೆಗಿಂತ ಕಷ್ಟದ್ದು ಹೊತ್ತು. ಜೂನ್ ತಿಂಗಳಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಸೂರ್ಯ ಮುಳುಗುವುದು ಗಡಿಯಾರದಲ್ಲಿ ರಾತ್ರಿ ಒಂಬತ್ತು ಕಾಲು ದಾಟಿದ ಮೇಲೆ. ಅದರ ನಂತರವೂ ಬಹಳ ಹೊತ್ತು ನಸುಬೆಳಕು ಇರುತ್ತದೆ. 1916ರಿಂದ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಪದ್ಧತಿ ಬಂದದ್ದೂ ಇದಕ್ಕೆ ಸೇರಿದೆ. ಡಿಸೆಂಬರಿನಲ್ಲಾದರೆ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ವರ್ಷವಿಡೀ ಆರೂವರೆ ಏಳರ ಆಸುಪಾಸಿನಲ್ಲಿ ದೀಪ ಹಚ್ಚುವ ನಮಗೆ, ‘ಒಂಬತ್ತು ಗಂಟೆಗೆ ಗುಲಾಬಿ ಪಾತಿಯ ಬಳಿ ಅವನನ್ನು ಕಂಡೆ’ ಎಂದು ಯಾರಾದರೂ ಹೇಳಿದರೆ ಕತ್ತಲಲ್ಲಿ ಹೇಗೆ ಕಂಡಳು ಎಂಬ ಅನುಮಾನ ಹುಟ್ಟುತ್ತದೆ. ಜೂನ್ ತಿಂಗಳಾಗಿದ್ದರೆ ಆ ಅನುಮಾನ ವ್ಯರ್ಥ. ಅಕ್ಟೋಬರ್ ಕೊನೆಯಾಗಿದ್ದರೆ ಅದೇ ಸುಳಿವು. ಆದ್ದರಿಂದ ಕೊಲೆ ನಡೆದ ತಿಂಗಳನ್ನು ಹಾಳೆಯ ಮೇಲ್ತುದಿಯಲ್ಲಿ ಬರೆದಿಡಬೇಕು.

ಇನ್ನು ದಿನಚರಿ. ಸಂಜೆ ನಾಲ್ಕೂವರೆಯ ಹೊತ್ತಿಗೆ ಚಹಾ, ದೊಡ್ಡ ಮನೆಗಳಲ್ಲಿ ರಾತ್ರಿ ಎಂಟರ ಸುಮಾರಿಗೆ ಊಟ, ಅದಕ್ಕೆ ಮೊದಲು ಉಡುಪು ಬದಲಾಯಿಸಲು ಒಂದು ಜಾಗಟೆ. ಆ ಜಾಗಟೆಯಿಂದ ಊಟದವರೆಗಿನ ಅರ್ಧ ಗಂಟೆ ಎಲ್ಲರೂ ತಮ್ಮ ತಮ್ಮ ಕೋಣೆಯಲ್ಲಿ ಒಬ್ಬೊಬ್ಬರೇ ಇರುತ್ತಾರೆ, ಅಂದರೆ ಯಾರಿಗೂ ಸಾಕ್ಷಿಯಿಲ್ಲ. ಕಾದಂಬರಿಕಾರರು ಅದನ್ನು ಧಾರಾಳವಾಗಿ ಬಳಸಿಕೊಂಡಿದ್ದಾರೆ. ಮನೆಗೆಲಸದವರಿಗೆ ವಾರಕ್ಕೊಂದು ಮಧ್ಯಾಹ್ನ ರಜೆ. ಅಂಗಡಿಗಳೂ ವಾರಕ್ಕೊಂದು ದಿನ ಮಧ್ಯಾಹ್ನವೇ ಮುಚ್ಚುತ್ತಿದ್ದವು. 1911ರ ಅಂಗಡಿ ಕಾಯ್ದೆ ನೌಕರರಿಗೆ ಆ ಅರ್ಧ ದಿನದ ಬಿಡುವನ್ನು ಕೊಟ್ಟಿತ್ತು. ಆ ದಿನ ಪೇಟೆಗೆ ಹೋಗಿ ಉಣ್ಣೆದಾರ ಕೊಂಡು ತಂದೆ ಎನ್ನುವವರನ್ನು ಸ್ವಲ್ಪ ಗಮನಿಸಬೇಕು. ದೂರವಾಣಿಯನ್ನು ಅಂಚೆ ಇಲಾಖೆಯೇ ನಡೆಸುತ್ತಿದ್ದ ಕಾಲವಾದ್ದರಿಂದ, ಹಳ್ಳಿಯ ಎಕ್ಸ್‌ಚೇಂಜಿನಲ್ಲಿ ಕೈಯಿಂದ ತಂತಿ ಜೋಡಿಸುತ್ತಿದ್ದ ಹೆಂಗಸಿಗೆ ಯಾರು ಯಾರಿಗೆ ಯಾವಾಗ ಫೋನು ಮಾಡಿದರೆಂಬುದು ಬಾಯಿಪಾಠವಾಗಿರುತ್ತಿತ್ತು.

ಮೂರನೆಯ ಹಂತ: ಯಾರು ಯಾರು, ಯಾವ ಅಂತಸ್ತಿನವರು

ವಿಕಾರ್ ಎಂದರೆ ಚರ್ಚ್ ಆಫ್ ಇಂಗ್ಲೆಂಡಿನ ಪಾದ್ರಿ. ಮಂಗಳೂರು ಕಡೆಯ ಕ್ಯಾಥೊಲಿಕ್ ಪಾದ್ರಿಗಳನ್ನು ಕಂಡವರಿಗೆ ಇವನ ಹೆಂಡತಿ ಮಕ್ಕಳ ಪ್ರಸ್ತಾಪ ಬಂದಾಗ ಗೊಂದಲವಾಗಬಹುದು; ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಪಾದ್ರಿಗಳು ಮದುವೆಯಾಗುತ್ತಾರೆ, ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು ನಮ್ಮಲ್ಲೂ ಹಾಗೆಯೇ. ಅವನ ಕೈಕೆಳಗಿನ ಕಿರಿಯ ಪಾದ್ರಿ ಕ್ಯುರೇಟ್. ಸಭೆಯ ಹಣಕಾಸು ಮತ್ತು ಕಟ್ಟಡ ನೋಡಿಕೊಳ್ಳುವ ಗೃಹಸ್ಥ ಚರ್ಚ್ ವಾರ್ಡನ್. ಕ್ಯುರೇಟ್ ಸಾಮಾನ್ಯವಾಗಿ ಬಡವ, ಊರಿನ ಅವಿವಾಹಿತೆಯರು ಹೆಣೆದು ಕೊಟ್ಟ ಕಾಲುಚೀಲಗಳಿಗೆ ಹೆದರಿ ಬದುಕುವವನು.

ಊರಿನಲ್ಲಿ ಒಬ್ಬ ನಿವೃತ್ತ ಕರ್ನಲ್ ಇದ್ದೇ ಇರುತ್ತಾನೆ. ಇವರಲ್ಲಿ ಅನೇಕರು ಭಾರತದಲ್ಲಿ ನೌಕರಿ ಮಾಡಿ ಪಿಂಚಣಿಯೊಂದಿಗೆ ಮರಳಿದವರು. 1950ರ ‘ಎ ಮರ್ಡರ್ ಈಸ್ ಅನೌನ್ಸ್ಡ್’ ಕಾದಂಬರಿಯ ಕರ್ನಲ್ ಈಸ್ಟರ್‌ಬ್ರುಕ್ ಅಂಥವನು. ಇವರ ಬಾಯಲ್ಲಿ ಬರುವ ಭಾರತ ನಮಗೆ ನಗು ತರಿಸುವಂಥದ್ದು, ಕೆಲವೊಮ್ಮೆ ಸಿಟ್ಟೂ ಬರುತ್ತದೆ. ಆ ಕಾಲದ ಪುಸ್ತಕಗಳಲ್ಲಿ ವಿದೇಶಿಯರನ್ನು, ಯಹೂದಿಗಳನ್ನು, ಮನೆಗೆಲಸದವರನ್ನು ಕುರಿತು ಬರುವ ಹಗುರ ಮಾತುಗಳೂ ಹಾಗೆಯೇ. ನಾನು ಅವನ್ನು ಕ್ಷಮಿಸುವುದಿಲ್ಲ, ಹಾರಿಸುವುದೂ ಇಲ್ಲ. ಏಕೆಂದರೆ ಊರಿನವರು ಯಾರನ್ನು ಮನುಷ್ಯರೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೋ ಅವರು ಕಂಡದ್ದನ್ನು ಯಾರೂ ಕೇಳುವುದಿಲ್ಲ, ಮತ್ತು ಅನೇಕ ಕಥೆಗಳ ಕೀಲಿ ಅಲ್ಲಿಯೇ ಇರುತ್ತದೆ. ಚಹಾದ ತಟ್ಟೆ ತಂದಿಟ್ಟು ಹೋದ ಹುಡುಗಿಗೆ ಒಂದು ಹೆಸರಿದೆಯೇ, ಲೇಖಕರು ಅವಳಿಗೆ ಎರಡು ಸಾಲಿನ ಮಾತು ಕೊಟ್ಟಿದ್ದಾರೆಯೇ ಎಂದು ನೋಡಿ. ಕೊಟ್ಟಿದ್ದರೆ ಆ ಎರಡು ಸಾಲನ್ನು ಎರಡು ಸಲ ಓದಿ.

ಸಂಬೋಧನೆಗಳಲ್ಲೂ ಒಂದು ವ್ಯಾಕರಣವಿದೆ. ಮನೆಯ ಹಿರಿಯ ಅವಿವಾಹಿತ ಮಗಳನ್ನು ಮನೆತನದ ಅಡ್ಡಹೆಸರಿನೊಂದಿಗೆ ಮಿಸ್ ಎನ್ನುತ್ತಾರೆ, ತಂಗಿಯರನ್ನು ಸ್ವಂತ ಹೆಸರಿನೊಂದಿಗೆ. ಬಟ್ಲರನನ್ನು ಬರೀ ಅಡ್ಡಹೆಸರಿನಿಂದ, ಕೋಣೆ ಗುಡಿಸುವ ಹುಡುಗಿಯನ್ನು ಬರೀ ಹೆಸರಿನಿಂದ ಕರೆಯುತ್ತಾರೆ. ಅಡುಗೆಯವಳಿಗೆ ಮದುವೆಯಾಗಿರಲಿ ಬಿಡಲಿ ಮಿಸೆಸ್ ಎಂಬ ಗೌರವ ಸಲ್ಲುತ್ತದೆ. ಆಕೆಯ ಗಂಡ ಎಲ್ಲಿ ಹೋದ ಎಂದು ನಾನು ಹುಡುಕಿದ್ದುಂಟು.

ನಾಲ್ಕನೆಯ ಹಂತ: ನೆಂಟಸ್ತಿಕೆಯನ್ನು ಕನ್ನಡಕ್ಕೆ ತಿರುಗಿಸಿಕೊಳ್ಳುವುದು

ಇದು ಕನ್ನಡ ಓದುಗರಿಗೆ ಮಾತ್ರ ಸಿಗುವ ಉಪಾಯ, ಇಂಗ್ಲಿಷರಿಗೆ ಇಲ್ಲದ್ದು. ಇಂಗ್ಲಿಷಿನ ಆಂಟ್ ಎಂಬ ಒಂದೇ ಪದದೊಳಗೆ ನಮ್ಮ ಸೋದರತ್ತೆ, ದೊಡ್ಡಮ್ಮ, ಚಿಕ್ಕಮ್ಮ, ಮಾವನ ಹೆಂಡತಿ ಎಲ್ಲರೂ ಕೂತಿರುತ್ತಾರೆ. ಕಸಿನ್ ಎಂಬುದಕ್ಕಂತೂ ಗಂಡು ಹೆಣ್ಣೆಂಬ ಭೇದವೂ ಇಲ್ಲ. ಒಬ್ಬ ಪಾತ್ರ ಬಂದ ಕೂಡಲೇ ಇವಳು ಇವನಿಗೆ ಏನಾಗಬೇಕು ಎಂಬುದನ್ನು ಕನ್ನಡದ ಪದದಲ್ಲಿ ಹಾಳೆಯ ಮೇಲೆ ಬರೆಯಲು ಪ್ರಯತ್ನಿಸಿ. ಬರೆಯಲು ಆಗದಿದ್ದರೆ ಲೇಖಕರು ಆ ಮಾಹಿತಿಯನ್ನು ನಿಮಗೆ ಕೊಟ್ಟಿಲ್ಲ ಎಂದರ್ಥ. ಕೊಡದಿರುವುದು ಮರೆವಿನಿಂದಲೋ ಉದ್ದೇಶದಿಂದಲೋ ಎಂದು ಯೋಚಿಸಲು ಅಲ್ಲಿಂದ ದಾರಿ ತೆರೆಯುತ್ತದೆ.

ಮಿಸ್ ಮಾರ್ಪಲ್‌ಳ ಉದಾಹರಣೆಯನ್ನೇ ನೋಡೋಣ. ಅವಳ ನೆವ್ಯೂ ಆಗಿರುವ ಲೇಖಕ ರೇಮಂಡ್ ವೆಸ್ಟ್ ಅಣ್ಣನ ಮಗನೋ, ತಂಗಿಯ ಮಗನೋ? ಅಣ್ಣ ಅಥವಾ ತಮ್ಮನ ಮಗನಾಗಿದ್ದರೆ ಅವನ ಅಡ್ಡಹೆಸರೂ ಮಾರ್ಪಲ್ ಎಂದೇ ಇರಬೇಕಿತ್ತು. ವೆಸ್ಟ್ ಆಗಿರುವುದರಿಂದ ಅಕ್ಕತಂಗಿಯರ ಮಗನೆಂದು ನಾನು ಊಹಿಸುತ್ತೇನೆ. ಅಂದರೆ ಕನ್ನಡದಲ್ಲಿ ಅವನು ಅವಳನ್ನು ಅತ್ತೆ ಎನ್ನುವಂತಿಲ್ಲ, ದೊಡ್ಡಮ್ಮ ಎಂದೋ ಚಿಕ್ಕಮ್ಮ ಎಂದೋ ಕರೆಯಬೇಕು. ಈ ಕಾದಂಬರಿಗಳನ್ನು ಕನ್ನಡಕ್ಕೆ ತರುವವರು ಪ್ರತಿ ಪುಟದಲ್ಲೂ ಇಂಥ ತೀರ್ಮಾನ ಮಾಡಬೇಕಾಗುತ್ತದೆ. ಲೆಸ್ಲಿ, ಎವೆಲಿನ್, ಹಿಲರಿಯಂಥ ಗಂಡಿಗೂ ಹೆಣ್ಣಿಗೂ ಸಲ್ಲುವ ಹೆಸರುಗಳಿದ್ದಾಗ ಇಂಗ್ಲಿಷ್ ಲೇಖಕ ಹೆಸರನ್ನಷ್ಟೇ ಬರೆದು ಪಾರಾಗುತ್ತಾನೆ. ಕನ್ನಡದಲ್ಲಿ ಕ್ರಿಯಾಪದವೇ ಬಂದನು ಬಂದಳು ಎಂದು ಗುಟ್ಟು ಬಿಟ್ಟುಕೊಡುತ್ತದೆ. ‘ಬಂದರು’ ಎಂಬ ಗೌರವದ ಬಹುವಚನವೊಂದೇ ಅಲ್ಲಿ ಅನುವಾದಕರ ಆಪದ್ಬಾಂಧವ.

ನೆಂಟಸ್ತಿಕೆ ಮುಖ್ಯವಾಗುವುದು ಉಯಿಲಿನಿಂದಾಗಿ. ಇಲ್ಲಿ ಎರಡು ಸಂಗತಿಗಳನ್ನು ತಿಳಿದಿರಲೇಬೇಕು. ನಮ್ಮ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲು ಸಿಗುವಂತೆ ಅಲ್ಲಿ ಸಿಗುವುದಿಲ್ಲ. ಒಬ್ಬ ಮುದುಕಿ ತನ್ನದೆಲ್ಲವನ್ನೂ ಬೆಕ್ಕುಗಳ ಆಶ್ರಮಕ್ಕೆ ಬರೆದಿಟ್ಟರೂ ನಡೆಯುತ್ತಿತ್ತು; ಗಂಡ ಹೆಂಡತಿ ಮಕ್ಕಳಿಗಾದರೂ ಜೀವನಾಂಶ ಕೇಳುವ ಅವಕಾಶ ಬಂದದ್ದು 1938ರ ಕಾಯ್ದೆಯಿಂದ. ಶ್ರೀಮಂತ ಆಂಟ್ ಮನೆಗೆ ನೆವ್ಯೂಗಳು ಪ್ರತಿ ಭಾನುವಾರ ಓಡಿಬರುವುದರ ಹಿಂದಿನ ಭಯ ಇದೇ. ಎರಡನೆಯದು ಇನ್ನೂ ಮುಖ್ಯ: ಇಂಗ್ಲೆಂಡಿನಲ್ಲಿ 1837ರ ಉಯಿಲು ಕಾಯ್ದೆಯ ಪ್ರಕಾರ, ಮದುವೆಯಾದ ಕೂಡಲೇ ಅದಕ್ಕೆ ಮೊದಲು ಬರೆದಿದ್ದ ಉಯಿಲು ತಾನಾಗಿ ರದ್ದಾಗುತ್ತದೆ. ನಮ್ಮಲ್ಲಿ ಹಿಂದೂಗಳು ಬರೆದ ಉಯಿಲು ಮದುವೆಯಿಂದ ರದ್ದಾಗುವುದಿಲ್ಲವಾದ್ದರಿಂದ ಈ ಮಾತು ನಮಗೆ ಹೊಳೆಯುವುದೇ ಇಲ್ಲ. ಅರವತ್ತು ದಾಟಿದ ವಿಧುರನೊಬ್ಬ ಮುಂದಿನ ತಿಂಗಳು ಮದುವೆಯಾಗುತ್ತೇನೆಂದು ಊಟದ ಮೇಜಿನಲ್ಲಿ ಸಂತೋಷದಿಂದ ಪ್ರಕಟಿಸಿದಾಗ, ಹಳೆಯ ಉಯಿಲಿನಲ್ಲಿ ಹೆಸರಿದ್ದವರೆಲ್ಲರ ಕೈಯ ಚಮಚ ನಿಂತದ್ದು ಆ ಕಾನೂನು ಗೊತ್ತಿದ್ದವರಿಗಷ್ಟೇ ಕೇಳಿಸುತ್ತದೆ.

ಐದನೆಯ ಹಂತ: ಪೊಲೀಸರು ಮತ್ತು ಕೊರೋನರ್

ಇದನ್ನು ಬೇಗ ಮುಗಿಸಬಹುದು. ಹಳ್ಳಿಯಲ್ಲಿ ಒಬ್ಬ ಕಾನ್‌ಸ್ಟೆಬಲ್, ಪಕ್ಕದ ಪೇಟೆಯಲ್ಲಿ ಇನ್‌ಸ್ಪೆಕ್ಟರ್, ನಮ್ಮ ಜಿಲ್ಲೆಯಂಥ ಇಡೀ ಕೌಂಟಿಗೆ ಒಬ್ಬ ಚೀಫ್ ಕಾನ್‌ಸ್ಟೆಬಲ್. ಹೆಸರು ನೋಡಿ ಮೋಸಹೋಗಬಾರದು. ಅವನೇ ಕೌಂಟಿಯ ಪೊಲೀಸ್ ಮುಖ್ಯಸ್ಥ, ಈ ಕಥೆಗಳಲ್ಲಿ ಹೆಚ್ಚಾಗಿ ಮಾಜಿ ಸೇನಾಧಿಕಾರಿ, ಶಂಕಿತರ ಮನೆಯಲ್ಲಿ ಊಟ ಮಾಡುವವನು. ಅವನು ಕೇಳಿಕೊಂಡ ಹೊರತು ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡ್ ಬರುವಂತಿರಲಿಲ್ಲ. ನಮ್ಮಲ್ಲಿ ಪೊಲೀಸರು ಪಂಚರ ಎದುರಿನಲ್ಲಿ ಬರೆಯುವ ಶವ ಮಹಜರಿನ ಸ್ಥಾನದಲ್ಲಿ ಅಲ್ಲಿ ಅನುಮಾನದ ಸಾವುಗಳನ್ನು ವಿಚಾರಿಸುವ ಅಧಿಕಾರಿಯಾದ ಕೊರೋನರ್, ಜ್ಯೂರಿ ಎಂಬ ಸಾಮಾನ್ಯ ನಾಗರಿಕರ ಮಂಡಳಿಯೊಂದಿಗೆ ನಡೆಸುವ ಬಹಿರಂಗ ವಿಚಾರಣೆ ಇರುತ್ತಿತ್ತು, ಹಳ್ಳಿಗಳಲ್ಲಿ ಶಾಲೆಯಲ್ಲೋ ಪಬ್ಬಿನಲ್ಲೋ. ಅಲ್ಲಿಯ ಜ್ಯೂರಿ 1977ರವರೆಗೂ ಕೊಲೆಗಾರನೆಂದು ಒಬ್ಬರ ಹೆಸರನ್ನೇ ಹೇಳಬಹುದಿತ್ತು. ಬ್ರಿಟನ್ನಿನಲ್ಲಿ ಕೊಲೆಗೆ ಗಲ್ಲು ಶಿಕ್ಷೆ 1965ರವರೆಗೆ ಇತ್ತು ಎಂಬುದನ್ನೂ ನೆನಪಿಟ್ಟಿರಬೇಕು. ಈ ಮೃದು ಕಾದಂಬರಿಗಳ ಕೊನೆಯ ಪುಟದಾಚೆ ಒಂದು ಹಗ್ಗ ನೇತಾಡುತ್ತಿರುತ್ತದೆ. ಲೇಖಕರು ಅದರ ಕಡೆ ತಿರುಗಿ ನೋಡುವುದಿಲ್ಲ.

ಆರನೆಯ ಹಂತ: ತೋಟದ ಕೊಟ್ಟಿಗೆಯನ್ನು ನೋಡುವುದು

ಹಳ್ಳಿ ಕಾದಂಬರಿಯಲ್ಲಿ ಬಂದೂಕಿಗಿಂತ ವಿಷವೇ ಸಹಜವಾದ ಆಯುಧ, ಏಕೆಂದರೆ ಅದು ಎಲ್ಲರ ಮನೆಯಲ್ಲೂ ಇತ್ತು. ಕಳೆನಾಶಕದಲ್ಲಿ ಆರ್ಸೆನಿಕ್, ನೊಣದ ಕಾಗದದಲ್ಲಿ ಆರ್ಸೆನಿಕ್, ಹೂಪಾತಿಯ ಫಾಕ್ಸ್‌ಗ್ಲೋವ್ ಎಲೆಯಲ್ಲಿ ಹೃದಯವನ್ನು ನಿಲ್ಲಿಸುವ ಡಿಜಿಟಾಲಿಸ್, ಚರ್ಚಿನ ಅಂಗಳದ ಯೂ ಮರದಲ್ಲಿ ಇನ್ನೊಂದು ವಿಷ. 1851ರ ಆರ್ಸೆನಿಕ್ ಕಾಯ್ದೆ ಬಂದ ಮೇಲೆ ಮಾರುವವನು ಕೊಂಡವರ ಹೆಸರು ಮತ್ತು ಉದ್ದೇಶವನ್ನು ಪುಸ್ತಕದಲ್ಲಿ ಬರೆದು ಸಹಿ ಪಡೆಯಬೇಕಾಯಿತು. ಸಕ್ಕರೆಯೆಂದೋ ಹಿಟ್ಟೆಂದೋ ತಪ್ಪಾಗದಂತೆ ಅದಕ್ಕೆ ಮಸಿ ಅಥವಾ ನೀಲಿ ಬೆರೆಸಿ ಕೊಡಬೇಕಿತ್ತು. ಔಷಧ ಅಂಗಡಿಯ ಆ ವಿಷದ ಪುಸ್ತಕ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ತನ್ನ ಊರಾದ ಟಾರ್ಕಿಯ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೆಲಸ ಮಾಡಿದ್ದ ಕ್ರಿಸ್ಟಿಗೆ ಇದರ ತಿಳಿವಳಿಕೆ ಕೈಯಿಂದಲೇ ಬಂದದ್ದು.

ಇದು ಬರೀ ಕಟ್ಟುಕಥೆಯಲ್ಲ ಎಂಬುದಕ್ಕೆ ವೇಲ್ಸ್ ಗಡಿಯಲ್ಲಿರುವ ಹೇ ಎಂಬ ಪುಟ್ಟ ಪೇಟೆಯ ಪ್ರಕರಣವನ್ನು ಓದಬೇಕು. ಹರ್ಬರ್ಟ್ ಆರ್ಮ್‌ಸ್ಟ್ರಾಂಗ್ ಅಲ್ಲಿಯ ವಕೀಲ, ಯುದ್ಧದಲ್ಲಿ ಮೇಜರ್ ಆಗಿದ್ದವನು, ತೋಟದ ಕಳೆಗೆಂದು ಆರ್ಸೆನಿಕ್ ಕೊಳ್ಳುತ್ತಿದ್ದವನು. 1921ರ ಫೆಬ್ರವರಿಯಲ್ಲಿ ಅವನ ಹೆಂಡತಿ ತೀರಿಕೊಂಡಾಗ ಯಾರಿಗೂ ಅನುಮಾನ ಬರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಅವನು ಊರಿನ ಇನ್ನೊಬ್ಬ ವಕೀಲ ಮಾರ್ಟಿನ್ ಎಂಬವನನ್ನು ಚಹಾಕ್ಕೆ ಕರೆದು, ಕೈಯಲ್ಲೇ ಕೊಡುವುದಕ್ಕೆ ಕ್ಷಮೆ ಕೇಳಿ, ಬೆಣ್ಣೆ ಹಚ್ಚಿದ ಸ್ಕೋನ್ ಒಂದನ್ನು ಎತ್ತಿ ಕೊಟ್ಟನು. ಮಾರ್ಟಿನ್ ಅಂದು ರಾತ್ರಿ ತೀವ್ರ ಕಾಯಿಲೆ ಬಿದ್ದನು. ಅವನ ಮಾವನೇ ಆರ್ಮ್‌ಸ್ಟ್ರಾಂಗನಿಗೆ ಆರ್ಸೆನಿಕ್ ಮಾರಿದ್ದ ಔಷಧ ಅಂಗಡಿಯವನಾಗಿದ್ದರಿಂದ ವಿಷಯ ಬೆಳಕಿಗೆ ಬಂದಿತು. ಪೊಲೀಸರು ಗುಟ್ಟಾಗಿ ತನಿಖೆ ನಡೆಸುತ್ತಿದ್ದ ಆ ವಾರಗಳಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತೆ ಮತ್ತೆ ಚಹಾಕ್ಕೆ ಕರೆಯುತ್ತಲೇ ಇದ್ದನು. ಹೋಗುವಂತಿಲ್ಲ, ಏಕೆ ಬರುವುದಿಲ್ಲವೆಂದು ಹೇಳುವಂತೆಯೂ ಇಲ್ಲ ಎಂಬ ಸಂಕಟದಲ್ಲಿ ಮಾರ್ಟಿನ್ ನೆಪ ಹುಡುಕುತ್ತಲೇ ಇದ್ದನು. ಕೊನೆಗೆ ಹೆಂಡತಿಯ ಶವವನ್ನು ಹೊರತೆಗೆದು ಪರೀಕ್ಷಿಸಿ, ಅವಳ ಕೊಲೆಗಾಗಿ 1922ರ ಮೇ 31ರಂದು ಆರ್ಮ್‌ಸ್ಟ್ರಾಂಗನನ್ನು ಗಲ್ಲಿಗೇರಿಸಲಾಯಿತು. ಚಹಾದ ಆಹ್ವಾನವನ್ನು ತಿರಸ್ಕರಿಸುವುದು ವಿಷಕ್ಕಿಂತ ಕಷ್ಟವಾಗಿದ್ದ ಸಮಾಜವನ್ನು ಈ ಪ್ರಕರಣದಷ್ಟು ಸ್ಪಷ್ಟವಾಗಿ ಯಾವ ಕಾದಂಬರಿಯೂ ನನಗೆ ತೋರಿಸಿಲ್ಲ.

ಏಳನೆಯ ಹಂತ: ಪ್ರಕಟಣೆಯ ವರ್ಷ ನೋಡುವುದು

ಪುಸ್ತಕದ ಹಿಂಬದಿಯ ಸಾರಾಂಶವನ್ನು ಓದಬೇಡಿ. ಒಳಗಿನ ಹಕ್ಕುಸ್ವಾಮ್ಯದ ಪುಟವನ್ನು ಓದಿ. 1939ಕ್ಕೆ ಮೊದಲಿನ ಹಳ್ಳಿಯೂ 1945ರ ನಂತರದ ಹಳ್ಳಿಯೂ ಒಂದೇ ಅಲ್ಲ. ಮೊದಲಿನದರಲ್ಲಿ ಹೊಸಬರು ಬಂದರೆ ಪರಿಚಯಪತ್ರ ತರುತ್ತಿದ್ದರು, ಇವರು ಯಾರ ಮಗಳು ಎಂಬುದು ಊರಿಗೆ ತಿಳಿದಿರುತ್ತಿತ್ತು. ಯುದ್ಧವು ಜನರನ್ನು ಎಲ್ಲೆಲ್ಲಿಗೋ ಎಸೆದ ಮೇಲೆ ಪಕ್ಕದ ಮನೆಯವರು ತಾವು ಯಾರೆಂದು ಹೇಳಿಕೊಳ್ಳುತ್ತಾರೋ ಅದನ್ನೇ ನಂಬಬೇಕಾಯಿತು. ಕೈಯಲ್ಲಿ ಒಂದು ಗುರುತಿನ ಚೀಟಿ, ಒಂದು ರೇಷನ್ ಪುಸ್ತಕ, ಅಷ್ಟೇ ದಾಖಲೆ. ‘ಎ ಮರ್ಡರ್ ಈಸ್ ಅನೌನ್ಸ್ಡ್’ನಲ್ಲಿ ಮಿಸ್ ಮಾರ್ಪಲ್ ಇದೇ ಮಾತನ್ನು ಚಿಂತೆಯಿಂದ ಆಡುತ್ತಾಳೆ, ಮತ್ತು ಆ ಕಾದಂಬರಿಯ ಇಡೀ ಬಿಗಿ ನಿಂತಿರುವುದು ಆ ಚಿಂತೆಯ ಮೇಲೆ. ಬ್ರಿಟನ್ನಿನಲ್ಲಿ ಆಹಾರದ ರೇಷನ್ 1954ರ ಜುಲೈವರೆಗೂ ಇತ್ತು. ಆದ್ದರಿಂದ 1950ರ ಕಥೆಯಲ್ಲಿ ಮೊಟ್ಟೆ, ಬೆಣ್ಣೆ ಧಾರಾಳವಾಗಿ ಹಾಕಿದ ಕೇಕ್ ಮೇಜಿನ ಮೇಲೆ ಬಂದರೆ ಅದು ದೊಡ್ಡ ಸಂಗತಿ. ಹಳ್ಳಿಯವರು ತಮ್ಮತಮ್ಮೊಳಗೆ ನಡೆಸುತ್ತಿದ್ದ ಸಣ್ಣ ಕಾಳಸಂತೆ ವ್ಯವಹಾರದ ಗುರುತು.

ಹಣದ ಲೆಕ್ಕಕ್ಕೂ ವರ್ಷ ಬೇಕು. 1971ರ ಫೆಬ್ರವರಿ 15ರವರೆಗೆ ಒಂದು ಪೌಂಡಿಗೆ 20 ಶಿಲ್ಲಿಂಗ್, ಒಂದು ಶಿಲ್ಲಿಂಗಿಗೆ 12 ಪೆನ್ಸ್. ನಮ್ಮ ಹಿರಿಯರ ರೂಪಾಯಿ ಆಣೆ ಪೈ ಲೆಕ್ಕ ಬಲ್ಲವರಿಗೆ ಇದು ಹೊಸದಾಗಿ ತೋರುವುದಿಲ್ಲ.

ಎಂಟನೆಯ ಹಂತ: ಮುಕ್ಕಾಲು ಭಾಗದಲ್ಲಿ ನಿಲ್ಲುವುದು

ಈ ಪುಸ್ತಕಗಳು ಒಂದು ಒಪ್ಪಂದದ ಮೇಲೆ ನಡೆಯುತ್ತವೆ: ಪತ್ತೇದಾರನಿಗೆ ಸಿಕ್ಕಿದ ಸುಳಿವೆಲ್ಲವೂ ಓದುಗನಿಗೂ ಸಿಗಬೇಕು. ಪಾದ್ರಿಯೂ ಕಾದಂಬರಿಕಾರನೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಇದಕ್ಕೆ ಹತ್ತು ನಿಯಮಗಳನ್ನು ಬರೆದನು. 1930ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಡಿಟೆಕ್ಷನ್ ಕ್ಲಬ್ಬಿನ ಸದಸ್ಯರು, ಎರಿಕ್ ಎಂದು ಹೆಸರಿಟ್ಟ ತಲೆಬುರುಡೆಯೊಂದರ ಮೇಲೆ ಕೈಯಿಟ್ಟು, ಓದುಗರಿಂದ ಮುಖ್ಯ ಸುಳಿವನ್ನು ಮುಚ್ಚಿಡುವುದಿಲ್ಲವೆಂದು ಅರ್ಧ ತಮಾಷೆಯಾಗಿ ಪ್ರಮಾಣ ಮಾಡುತ್ತಿದ್ದರು. ಒಪ್ಪಂದದ ಅವರ ಪಾಲನ್ನು ಅವರು ಸಲ್ಲಿಸಿದ್ದಾರೆಂದ ಮೇಲೆ ನಮ್ಮ ಪಾಲನ್ನೂ ಸಲ್ಲಿಸಬೇಕು. ಪುಸ್ತಕದ ಮುಕ್ಕಾಲು ಭಾಗ ಮುಗಿದಲ್ಲಿ ಮುಚ್ಚಿಟ್ಟು, ನಿಮ್ಮ ಹಾಳೆಯನ್ನು ತೆಗೆದುಕೊಳ್ಳಿ.

ನಾನು ಆಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ. ಎಲ್ಲರೂ ನಿಜವೆಂದು ಹೇಳುತ್ತಿರುವ, ಆದರೆ ಒಬ್ಬರೂ ಕಣ್ಣಾರೆ ಕಾಣದ ಸಂಗತಿ ಯಾವುದು? ಕೊಲೆಯ ಹೊತ್ತು ಒಬ್ಬರದೇ ಮಾತಿನ ಮೇಲೆ ಅಥವಾ ಒಂದೇ ಗಡಿಯಾರದ ಮೇಲೆ ನಿಂತಿದೆಯೇ? ಇಡೀ ಊರು ಪಾಪವೆಂದು ಕರುಣೆ ತೋರುವ ವ್ಯಕ್ತಿಯ ಬಗ್ಗೆ ಆ ಊರಿಗೆ ಬರುವ ಮೊದಲಿನದು ಏನು ಗೊತ್ತಿದೆ? ಮೂರನೆಯ ಪ್ರಶ್ನೆಗೆ ಏನೂ ಇಲ್ಲ ಎಂಬ ಉತ್ತರ ಬಂದಾಗಲೆಲ್ಲ ನಾನು ಆ ಹೆಸರಿನ ಕೆಳಗೆ ಗೆರೆ ಎಳೆಯುತ್ತೇನೆ. ಹೀಗೆ ಮಾಡಿಯೂ ಮೂರರಲ್ಲಿ ಎರಡು ಸಲ ಸೋಲುತ್ತೇನೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಈಗ ಸೋತಾಗ ಯಾವ ಪುಟದಲ್ಲಿ ಸೋತೆನೆಂಬುದು ಗೊತ್ತಾಗುತ್ತದೆ. ಮುಗಿಸಿದ ಮರುದಿನವೇ ಮೊದಲ ಮೂರು ಅಧ್ಯಾಯಗಳನ್ನು ಮತ್ತೆ ಓದಿದರೆ ಲೇಖಕಿಯ ಕೈಚಳಕ ಒಂದೊಂದು ವಾಕ್ಯದಲ್ಲೂ ಕಾಣಸಿಗುತ್ತದೆ, ಮೊದಲ ಓದಿಗಿಂತ ನನಗೆ ಅದೇ ಹೆಚ್ಚು ರುಚಿ.

ಮುಂದೆ ಏನು ಓದಬೇಕು

ನಾಲ್ಕೈದು ಕ್ರಿಸ್ಟಿ ಆದ ಮೇಲೆ ‘ದಿ ನೈನ್ ಟೇಲರ್ಸ್’ ಹಿಡಿಯಿರಿ. 1934ರ ಈ ಕಾದಂಬರಿ ಪೂರ್ವ ಇಂಗ್ಲೆಂಡಿನ ಫೆನ್ಸ್ ಎಂಬ ಜೌಗು ಬಯಲಿನದು. ಸೇಯರ್ಸ್ ಅಲ್ಲಿಯ ಪಾದ್ರಿಯೊಬ್ಬರ ಮಗಳಾಗಿ ಬೆಳೆದವಳು. ಚರ್ಚಿನ ಗೋಪುರದ ಎಂಟು ಗಂಟೆಗಳನ್ನು ಒಂದು ಕ್ರಮ ಮತ್ತೊಮ್ಮೆ ಬಾರದಂತೆ ಸರದಿ ಬದಲಿಸುತ್ತ ಬಾರಿಸುವ ಕಲೆ ಅದರ ಬೆನ್ನೆಲುಬು. ಎಂಟು ಗಂಟೆಗಳಿಂದ ಒಟ್ಟು 40,320 ಸರದಿಗಳು ಸಾಧ್ಯ; ಕಾದಂಬರಿ ಆರಂಭವಾಗುವುದೇ ಹೊಸವರ್ಷದ ಹಿಂದಿನ ರಾತ್ರಿ ಒಂಬತ್ತು ತಾಸು ಬಿಡದೆ ಬಾರಿಸುವ ಪ್ರಯತ್ನದಿಂದ. ಊರಿನಲ್ಲಿ ಗಂಡಸು ಸತ್ತರೆ ಒಂಬತ್ತು, ಹೆಂಗಸು ಸತ್ತರೆ ಆರು ಪೆಟ್ಟು, ಆಮೇಲೆ ವಯಸ್ಸಿನಷ್ಟು ಪೆಟ್ಟು. ಗಂಟೆಯ ಗಣಿತ ಅರ್ಥವಾಗದಿದ್ದರೆ ಚಿಂತಿಸದೆ ಮುಂದೆ ಹೋಗಿ.

ಈಚಿನವುಗಳಲ್ಲಿ ಕ್ಯಾರೊಲಿನ್ ಗ್ರಹಾಂ 1987ರಲ್ಲಿ ಬರೆದ ‘ದಿ ಕಿಲ್ಲಿಂಗ್ಸ್ ಅಟ್ ಬ್ಯಾಡ್ಜರ್ಸ್ ಡ್ರಿಫ್ಟ್’ ಚೆನ್ನಾಗಿದೆ. 1997ರಲ್ಲಿ ಆರಂಭವಾದ ‘ಮಿಡ್‌ಸೋಮರ್ ಮರ್ಡರ್ಸ್’ ಧಾರಾವಾಹಿಯ ಮೂಲ ಅದೇ, ಆದರೆ ಪುಸ್ತಕ ಧಾರಾವಾಹಿಗಿಂತ ಕಹಿ. ರಿಚರ್ಡ್ ಆಸ್ಮನ್‌ನ 2020ರ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ ವೃದ್ಧರ ವಸತಿಯೊಂದನ್ನೇ ಹಳ್ಳಿಯನ್ನಾಗಿ ಮಾಡಿಕೊಂಡಿದೆ. ಒಗಟು ಸಾಧಾರಣ, ಮಾತು ಸೊಗಸು. ಮಾರ್ಪಲ್ ಕಥೆಗಳನ್ನು ಪರದೆಯ ಮೇಲೆ ನೋಡುವುದಾದರೆ ಓದಿದ ಮೇಲೆಯೇ ನೋಡಬೇಕು, ಮತ್ತು 1984ರಿಂದ 1992ರವರೆಗೆ ಬಿಬಿಸಿ ಮಾಡಿದ ಜೋನ್ ಹಿಕ್ಸನ್ ಅವರ ಸರಣಿಯನ್ನು ಆರಿಸಬೇಕು. ಅದರಲ್ಲಿ ಸೇಂಟ್ ಮೇರಿ ಮೀಡ್ ಆಗಿ ಕಾಣುವುದು ಹ್ಯಾಂಪ್‌ಶೈರಿನ ನೆದರ್ ವಾಲಪ್ ಎಂಬ ನಿಜವಾದ ಹಳ್ಳಿ. ಅದರ ನಂತರದ ಇನ್ನೊಂದು ಸರಣಿ ಕೆಲವು ಕಥೆಗಳಲ್ಲಿ ಕೊಲೆಗಾರರನ್ನೇ ಬದಲಿಸಿದೆ, ಮಾರ್ಪಲ್ ಇಲ್ಲದ ಕಾದಂಬರಿಗಳಿಗೂ ಅವಳನ್ನು ತಂದು ಸೇರಿಸಿದೆ.

ಇವೆಲ್ಲದರ ಅಜ್ಜಿಯೆನ್ನಬಹುದಾದ ಪುಸ್ತಕ ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ‘ದಿ ಮೂನ್‌ಸ್ಟೋನ್’. ಅದರ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಯಾರ್ಕ್‌ಶೈರಿನ ಬಂಗಲೆಯೊಂದರಲ್ಲಿ ರಾತ್ರೋರಾತ್ರಿ ವಜ್ರವೊಂದು ಕಾಣೆಯಾಗುತ್ತದೆ; ಪತ್ತೆಗೆ ಬಂದ ಸಾರ್ಜೆಂಟ್ ಕಫ್ ಕೆಲಸದ ನಡುವೆ ತೋಟದವನೊಂದಿಗೆ ಗುಲಾಬಿ ಕಸಿಯ ಬಗ್ಗೆ ಜಗಳಕ್ಕೆ ನಿಲ್ಲುತ್ತಾನೆ. ಆದರೆ ಆ ವಜ್ರ ಇಂಗ್ಲೆಂಡಿಗೆ ಬಂದ ಬಗೆಯನ್ನು ಹೇಳುವ ಮುನ್ನುಡಿಯನ್ನು ನಾವು ಯಾವ ಟಿಪ್ಪಣಿಯೂ ಇಲ್ಲದೆ, ಯಾವ ನಕ್ಷೆಯೂ ಇಲ್ಲದೆ ಓದಬಲ್ಲೆವು. ಅದು ನಡೆಯುವುದು 1799ರ ಮೇ 4ರಂದು, ಟಿಪ್ಪು ಸುಲ್ತಾನನ ಕೋಟೆ ಬಿದ್ದ ದಿನ, ಶ್ರೀರಂಗಪಟ್ಟಣದಲ್ಲಿ.